ಸರ್ವರ್ ನಿಲ್ಲಿಸುವ ಮುನ್ನ ಒಳಗಿನ ಕೆಲಸ ಮುಗಿಯಲಿ

ದಿನಕ್ಕೆ ಮೂರು ಸಲ ಹೊಸ ಆವೃತ್ತಿ ಏರಿಸುವ ತಂಡದ ಸರ್ವರ್ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸಲ ನಿಲ್ಲುತ್ತದೆ. ಕೆಟ್ಟು ನಿಲ್ಲುವ ಲೆಕ್ಕ ಇದರಲ್ಲಿ ಸೇರಿಲ್ಲ, ಇವೆಲ್ಲ ನಾವೇ ಬೇಕೆಂದು ನಿಲ್ಲಿಸಿದ್ದು. ಆದರೂ ವೆಬ್ ಪ್ರೋಗ್ರಾಮಿಂಗ್ ಕಲಿಸುವ ಹೆಚ್ಚಿನ ಪಾಠಗಳು, ಸರ್ವರ್ ಶುರುವಾಗಿ ಬ್ರೌಸರಿನಲ್ಲಿ ‘ನಮಸ್ಕಾರ’ ಎಂದು ಮೂಡಿದೊಡನೆ ಮುಗಿದುಬಿಡುತ್ತವೆ. ನಿಲ್ಲಿಸುವುದು ಹೇಗೆ ಎಂದರೆ ಕಂಟ್ರೋಲ್-ಸಿ ಒತ್ತಿ ಎನ್ನುತ್ತಾರೆ, ಅಷ್ಟೆ.

ಆ ಕಂಟ್ರೋಲ್-ಸಿ ಒತ್ತಿದ ಗಳಿಗೆಯಲ್ಲೇ ಯಾರೋ ಒಬ್ಬರು ಹಣ ಕಟ್ಟುತ್ತಿರಬಹುದು. ಖಾತೆಯಿಂದ ಹಣ ಕಡಿತವಾದ ಸಂದೇಶ ಫೋನಿಗೆ ಬಂದಿರುತ್ತದೆ, ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತದೆ, ರಸೀದಿ ಮಾತ್ರ ಬರುವುದಿಲ್ಲ. ಗಾಬರಿಯಾಗಿ ಇನ್ನೊಮ್ಮೆ ಗುಂಡಿ ಒತ್ತುತ್ತಾರೆ, ಇನ್ನೊಮ್ಮೆ ಹಣ ಹೋಗುತ್ತದೆ. ಇಂಥ ತೊಂದರೆಗೆ ಕಾರಣಗಳು ಹತ್ತಾರು. ಅವುಗಳಲ್ಲಿ ನಮ್ಮ ಕೈಯಿಂದಲೇ ಆಗುವ ಒಂದನ್ನು ನಲವತ್ತು ಐವತ್ತು ಸಾಲಿನ ಕೋಡ್ ಬರೆದು ತಪ್ಪಿಸಬಹುದು. ನಮ್ಮ ಕಸುಬಿನವರು ಗ್ರೇಸ್‌ಫುಲ್ ಶಟ್‌ಡೌನ್ ಎನ್ನುವ ಕೆಲಸ ಇದೇ. ಹೊಸ ರಿಕ್ವೆಸ್ಟ್ ಒಳಗೆ ಬಿಡದೆ, ಈಗಾಗಲೇ ಒಳಗೆ ಬಂದದ್ದನ್ನು ಮುಗಿಸಿ, ಆಮೇಲೆ ಪ್ರೊಸೆಸ್ ಮುಗಿಸುವುದು.

ಉದಾಹರಣೆಗೆ ಗೋ ಭಾಷೆಯನ್ನು ಆರಿಸಿಕೊಂಡಿದ್ದೇನೆ. 2017ರ ಫೆಬ್ರವರಿಯಲ್ಲಿ ಬಂದ 1.8ನೇ ಆವೃತ್ತಿಯಿಂದ ಅದರ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಇದಕ್ಕೆ ಬೇಕಾದ ‘ಶಟ್‌ಡೌನ್’ ಎಂಬ ಮೆಥಡ್ ಇದೆ, ಹೊರಗಿನಿಂದ ಏನನ್ನೂ ತರಬೇಕಿಲ್ಲ. ಬೇರೆ ಭಾಷೆಯವರಿಗೂ ಕ್ರಮ ಇದೇ, ಹೆಸರುಗಳು ಮಾತ್ರ ಬೇರೆ.

ಮೊದಲು ಮುರಿದು ನೋಡಿ

ಪರಿಹಾರಕ್ಕೆ ಕೈ ಹಾಕುವ ಮೊದಲು ತೊಂದರೆಯನ್ನು ಕಣ್ಣಾರೆ ನೋಡುವುದು ಒಳ್ಳೆಯದು. 8080ನೇ ಪೋರ್ಟಿನಲ್ಲಿ ಒಂದು ಪುಟ್ಟ ಸರ್ವರ್ ಬರೆಯಿರಿ. ‘ರಸೀದಿ’ ಎಂಬ ಒಂದೇ ದಾರಿ ಸಾಕು. ಅದರ ಹ್ಯಾಂಡ್ಲರ್ ‘ಶುರು’ ಎಂದು ಲಾಗ್ ಬರೆದು, 8 ಸೆಕೆಂಡ್ ಸ್ಲೀಪ್ ಮಾಡಿ, ‘ಮುಗಿಯಿತು’ ಎಂದು ಇನ್ನೊಂದು ಲಾಗ್ ಬರೆದು ಉತ್ತರ ಕಳಿಸಲಿ. ಆ 8 ಸೆಕೆಂಡ್ ಡೇಟಾಬೇಸಿಗೆ ಬರೆದು ಪಿಡಿಎಫ್ ತಯಾರಿಸುವ ಕೆಲಸಕ್ಕೆ ಬದಲಿ ಎಂದುಕೊಳ್ಳಿ.

ಇನ್ನೊಂದು ಟರ್ಮಿನಲ್ ತೆರೆದು ಕರ್ಲ್‌ನಿಂದ ಆ ವಿಳಾಸಕ್ಕೆ ರಿಕ್ವೆಸ್ಟ್ ಕಳಿಸಿ. ಮೂರನೇ ಸೆಕೆಂಡಿಗೆ ಸರ್ವರಿನ ಟರ್ಮಿನಲ್ಲಿಗೆ ಬಂದು ಕಂಟ್ರೋಲ್-ಸಿ ಒತ್ತಿ. ‘ಶುರು’ ಲಾಗಿನಲ್ಲಿದೆ, ‘ಮುಗಿಯಿತು’ ಇಲ್ಲ. ಅತ್ತ ಕರ್ಲ್ ‘ಎಂಪ್ಟಿ ರಿಪ್ಲೈ ಫ್ರಮ್ ಸರ್ವರ್’ ಎಂದು ಹೇಳಿ 52ನೇ ನಂಬರಿನ ದೋಷ ತೋರಿಸುತ್ತದೆ. ಸರ್ವರ್ ಕಡೆ ದೋಷದ ಲಾಗ್ ಒಂದೂ ಇಲ್ಲ ಎಂಬುದನ್ನು ಗಮನಿಸಿ. ಬಳಕೆದಾರರಿಂದ ದೂರು ಬಂದು ನೀವು ಲಾಗ್ ಹುಡುಕಿದರೂ ಏನೂ ಸಿಗುವುದಿಲ್ಲ. ಈ ತೊಂದರೆ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುವುದು ಇದರಿಂದಲೇ.

ಒತ್ತಿದ ಕೀ ಹೀಗೆ ಮಾಡಿದ್ದು ಹೇಗೆ? ಲಿನಕ್ಸ್ ಕರ್ನಲ್ ಪ್ರೊಸೆಸ್‌ಗಳಿಗೆ ಸಿಗ್ನಲ್ ಎಂಬ ಚಿಕ್ಕ ಸೂಚನೆಗಳನ್ನು ಮುಟ್ಟಿಸುತ್ತದೆ. ಕಂಟ್ರೋಲ್-ಸಿ ಕಳಿಸುವುದು 2ನೇ ನಂಬರಿನ ಸಿಗ್‌ಇಂಟ್. ಆಯ್ಕೆ ಏನೂ ಕೊಡದೆ ಕಿಲ್ ಆಜ್ಞೆ ಕೊಟ್ಟರೆ ಹೋಗುವುದು 15ನೇ ಸಿಗ್‌ಟರ್ಮ್. ಡಾಕರ್, ಸಿಸ್ಟಂಡಿ, ಕುಬರ್ನೆಟೀಸ್ ಎಲ್ಲವೂ ಮೊದಲು ಕಳಿಸುವುದು ಸಾಮಾನ್ಯವಾಗಿ ಈ ಸಿಗ್‌ಟರ್ಮ್ ಅನ್ನೇ. ಇವೆರಡನ್ನೂ ಪ್ರೋಗ್ರಾಂ ಹಿಡಿದು ತನಗೆ ಬೇಕಾದ ಹಾಗೆ ನಡೆದುಕೊಳ್ಳಬಹುದು. ಹಿಡಿಯದೆ ಬಿಟ್ಟರೆ ಪ್ರೊಸೆಸ್ ಅಲ್ಲೇ ಸಾಯುತ್ತದೆ. 9ನೇ ಸಿಗ್‌ಕಿಲ್ ಮಾತ್ರ ಯಾರ ಹಿಡಿತಕ್ಕೂ ಸಿಗದು, ಅದು ಬಂದರೆ ಕರ್ನಲ್ಲೇ ಪ್ರೊಸೆಸ್ಸನ್ನು ಮುಗಿಸಿಬಿಡುತ್ತದೆ. ಏನೇ ನಿಲ್ಲಿಸಬೇಕಾದರೂ ‘ಕಿಲ್ ಮೈನಸ್ 9’ ಹೊಡೆಯುವ ಅಭ್ಯಾಸ ನಿಮ್ಮ ತಂಡದಲ್ಲಿದ್ದರೆ, ಮುಂದೆ ಹೇಳುವ ಯಾವ ಕೋಡೂ ಉಪಯೋಗಕ್ಕೆ ಬರುವುದಿಲ್ಲ. ಮೊದಲು ಆ ಅಭ್ಯಾಸ ಬಿಡಿಸಿ.

ಕೋಡ್ ಕಟ್ಟುವ ಕ್ರಮ

ಕಲಿಯುವಾಗ ಎಲ್ಲರೂ ಬಳಸುವುದು ಎಚ್‌ಟಿಟಿಪಿ ಪ್ಯಾಕೇಜಿನ ‘ಲಿಸನ್ ಅಂಡ್ ಸರ್ವ್’ ಎಂಬ ಸಿದ್ಧ ಫಂಕ್ಷನ್. ಅದು ತಾನೇ ಒಳಗೊಳಗೆ ಸರ್ವರ್ ಸೃಷ್ಟಿಸಿಕೊಳ್ಳುವುದರಿಂದ, ನಿಲ್ಲಿಸಬೇಕು ಎಂದಾಗ ಹಿಡಿದುಕೊಳ್ಳಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಎಚ್‌ಟಿಟಿಪಿ ಪ್ಯಾಕೇಜಿನ ‘ಸರ್ವರ್’ ಸ್ಟ್ರಕ್ಟನ್ನು ನಾವೇ ಮಾಡಿಕೊಂಡು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಬೇಕು. ವಿಳಾಸ, ಹ್ಯಾಂಡ್ಲರ್ ಜೊತೆಗೆ ‘ರೀಡ್ ಹೆಡರ್ ಟೈಮ್‌ಔಟ್’ ಕೂಡ ಕೊಡಿ, 5 ಸೆಕೆಂಡ್ ಸಾಕು. ಸಂಪರ್ಕ ತೆರೆದು ಹೆಡರನ್ನು ಅಕ್ಷರ ಅಕ್ಷರವಾಗಿ ಕಳಿಸುತ್ತ ಕೂರುವ ಕ್ಲೈಂಟ್‌ಗಳಿಂದ ಇದು ಕಾಯುತ್ತದೆ, ನಿಲ್ಲಿಸುವ ಹೊತ್ತಿನಲ್ಲೂ ಉಪಕಾರಿ.

ಮುಂದಿನದು ಸಿಗ್ನಲ್ ಹಿಡಿಯುವುದು. 1.16ನೇ ಆವೃತ್ತಿಯಿಂದ ಸಿಗ್ನಲ್ ಪ್ಯಾಕೇಜಿನಲ್ಲಿ ‘ನೋಟಿಫೈ ಕಾಂಟೆಕ್ಸ್ಟ್’ ಇದೆ. ಅದಕ್ಕೆ ಸಿಗ್‌ಇಂಟ್, ಸಿಗ್‌ಟರ್ಮ್ ಎರಡನ್ನೂ ಹೇಳಿ. ಒಂದು ಕಾಂಟೆಕ್ಸ್ಟ್, ಒಂದು ‘ಸ್ಟಾಪ್’ ಫಂಕ್ಷನ್ ಮರಳಿ ಸಿಗುತ್ತವೆ. ಸಿಗ್ನಲ್ ಬಂದೊಡನೆ ಆ ಕಾಂಟೆಕ್ಸ್ಟ್ ರದ್ದಾಗುತ್ತದೆ. ಸಿಗ್‌ಇಂಟ್ ಒಂದನ್ನೇ ಹಿಡಿದು ಬಿಟ್ಟರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ, ಪ್ರೊಡಕ್ಷನ್ನಿನಲ್ಲಿ ಏನೂ ನಡೆಯುವುದಿಲ್ಲ. ಅಲ್ಲಿ ಕಂಟ್ರೋಲ್-ಸಿ ಒತ್ತುವವರು ಯಾರೂ ಇಲ್ಲವಲ್ಲ.

ಈಗ ಸರ್ವರಿನ ‘ಲಿಸನ್ ಅಂಡ್ ಸರ್ವ್’ ಅನ್ನು ಪ್ರತ್ಯೇಕ ಗೋರೂಟೀನಿನಲ್ಲಿ ಓಡಿಸಿ, ಮೇನ್ ಫಂಕ್ಷನ್ ಆ ಕಾಂಟೆಕ್ಸ್ಟ್ ರದ್ದಾಗುವುದನ್ನು ಕಾಯುತ್ತ ನಿಲ್ಲಲಿ. ಪೋರ್ಟ್ ಬೇರೆ ಯಾರದೋ ಕೈಯಲ್ಲಿದ್ದು ಸರ್ವರ್ ಶುರುವೇ ಆಗದಿದ್ದರೆ ಅದೂ ತಿಳಿಯಬೇಕು. ಅದಕ್ಕೊಂದು ದೋಷದ ಚಾನೆಲ್ ಇಟ್ಟು, ಸೆಲೆಕ್ಟ್‌ನಲ್ಲಿ ಎರಡನ್ನೂ ಕಾಯಿರಿ.

ಸಿಗ್ನಲ್ ಬಂತು. ಮೊದಲು ಆ ‘ಸ್ಟಾಪ್’ ಕರೆಯಿರಿ. ಅದರಿಂದ ಸಿಗ್ನಲ್‌ಗಳು ಮೊದಲಿನ ಸ್ವಭಾವಕ್ಕೆ ಮರಳುತ್ತವೆ. ನಿಲ್ಲುವ ಕೆಲಸ ಎಲ್ಲೋ ಸಿಕ್ಕಿಹಾಕಿಕೊಂಡರೆ ಎರಡನೇ ಕಂಟ್ರೋಲ್-ಸಿ ಒತ್ತಿ ಕೂಡಲೇ ಹೊರಬರಬಹುದು. ಇದನ್ನು ಬಿಟ್ಟ ಪ್ರೋಗ್ರಾಂ ಎದುರು ಕುಳಿತು ಹತ್ತು ಸಲ ಕಂಟ್ರೋಲ್-ಸಿ ಒತ್ತುವ ಸಂಕಟ ಬೇಡ. ಆಮೇಲೆ 20 ಸೆಕೆಂಡಿನ ಗಡುವಿರುವ ಹೊಸ ಕಾಂಟೆಕ್ಸ್ಟ್ ಮಾಡಿ ‘ಶಟ್‌ಡೌನ್’ಗೆ ಕೊಡಿ.

ಶಟ್‌ಡೌನ್ ಒಳಗೆ ನಡೆಯುವುದು, ರಾತ್ರಿ ಹೋಟೆಲಿನವರು ಅರ್ಧ ಶಟರ್ ಇಳಿಸಿ, ತಟ್ಟೆ ಮುಂದಿರುವವರು ಊಟ ಮುಗಿಸುವ ತನಕ ಕಾಯುವಂಥದ್ದೇ. ಮೊದಲು ಲಿಸನರ್ ಮುಚ್ಚುತ್ತದೆ, ಹೊಸ ಸಂಪರ್ಕ ಬರಲಾರದು. ಎಚ್‌ಟಿಟಿಪಿ 1.1ರಲ್ಲಿ ಒಂದು ರಿಕ್ವೆಸ್ಟ್ ಮುಗಿದ ಮೇಲೂ ಸಂಪರ್ಕ ತೆರೆದೇ ಇರುವುದು ವಾಡಿಕೆ. ಹಾಗೆ ಸುಮ್ಮನೆ ತೆರೆದಿರುವವನ್ನು ಅದು ಮುಚ್ಚುತ್ತದೆ. ಕೆಲಸ ನಡೆಯುತ್ತಿರುವ ಸಂಪರ್ಕಗಳನ್ನು ಮುಟ್ಟದೆ ಕಾಯುತ್ತದೆ, ಒಂದೊಂದೂ ಬಿಡುವಾದಂತೆ ಮುಚ್ಚುತ್ತದೆ. ಗಡುವು ಮೀರಿದರೆ ದೋಷ ಮರಳಿಸುತ್ತದೆ. ಆಗ ‘ಕ್ಲೋಸ್’ ಕರೆದು ಉಳಿದವನ್ನು ಕತ್ತರಿಸುವುದು, ಮತ್ತು ಹಾಗೆ ಕತ್ತರಿಸಿದ್ದನ್ನು ಲಾಗಿನಲ್ಲಿ ಬರೆಯುವುದು ನಮ್ಮ ಕೆಲಸ.

ಡೇಟಾಬೇಸ್ ಸಂಪರ್ಕ ಮುಚ್ಚಬೇಕಾದದ್ದು ಇದೆಲ್ಲ ಆದ ಮೇಲೆ. ಹ್ಯಾಂಡ್ಲರ್‌ಗಳು ಇನ್ನೂ ಓಡುತ್ತಿರುವಾಗ ಡೇಟಾಬೇಸ್ ಮುಚ್ಚಿದರೆ, ಕಾಯ್ದು ಕಾಯ್ದು ಬಳಕೆದಾರರಿಗೆ 500ರ ದೋಷ ಕಳಿಸಿದಂತಾಗುತ್ತದೆ. ತೆರೆದ ಕ್ರಮಕ್ಕೆ ಉಲ್ಟಾ ಕ್ರಮದಲ್ಲಿ ಮುಚ್ಚಿ ಎಂದು ನೆನಪಿಟ್ಟುಕೊಂಡರೆ ಸಾಕು. ಶುರುವಿನಲ್ಲಿ ಲಾಗ್, ಡೇಟಾಬೇಸ್, ಕೊನೆಗೆ ಎಚ್‌ಟಿಟಿಪಿ. ಮುಗಿಸುವಾಗ ಎಚ್‌ಟಿಟಿಪಿ, ಡೇಟಾಬೇಸ್, ಕೊನೆಗೆ ಲಾಗ್.

ಎಡವುವ ಜಾಗಗಳು

ಕೋಡ್ ಓದಿದರೆ ಸರಿಯಿದೆ ಎನ್ನಿಸುತ್ತದೆ, ಓಡಿಸಿದರೆ ರಿಕ್ವೆಸ್ಟ್ ತುಂಡಾಗುತ್ತದೆ. ಇದಕ್ಕೆ ಬಹುಪಾಲು ಕಾರಣ ಒಂದೇ ಸಾಲು. ‘ಲಿಸನ್ ಅಂಡ್ ಸರ್ವ್’ ಕರೆಯನ್ನು ‘ಲಾಗ್ ಫೇಟಲ್’ ಒಳಗೆ ಸುತ್ತಿ ಬರೆಯುವುದು ಗೋ ಲೋಕದಲ್ಲಿ ಎಲ್ಲೆಡೆ ಕಾಣುವ ಪದ್ಧತಿ. ಶಟ್‌ಡೌನ್ ಕರೆದ ಕ್ಷಣವೇ ಲಿಸನ್ ಅಂಡ್ ಸರ್ವ್ ಮರಳುತ್ತದೆ, ಒಳಗಿನ ರಿಕ್ವೆಸ್ಟ್ ಮುಗಿಯುವುದನ್ನು ಅದು ಕಾಯುವುದಿಲ್ಲ. ಮರಳುವಾಗ ‘ಎರರ್ ಸರ್ವರ್ ಕ್ಲೋಸ್ಡ್’ ಎಂಬ ಮೌಲ್ಯ ಕೊಡುತ್ತದೆ. ಲಾಗ್ ಫೇಟಲ್ ಅದನ್ನು ಕಂಡು ಇಡೀ ಪ್ರೊಸೆಸ್ಸನ್ನೇ 1ನೇ ಕೋಡ್ ಕೊಟ್ಟು ಮುಗಿಸುತ್ತದೆ, ಡಿಫರ್ ಮಾಡಿಟ್ಟ ಒಂದು ಸಾಲೂ ಓಡುವುದಿಲ್ಲ. ಅತ್ತ ಶಟ್‌ಡೌನ್ ತಾಳ್ಮೆಯಿಂದ ಕಾಯುತ್ತಿರುವಾಗಲೇ ಇತ್ತ ಎಲ್ಲ ಮುಗಿದಿರುತ್ತದೆ. ಆದ್ದರಿಂದ ಬಂದ ದೋಷ ‘ಎರರ್ ಸರ್ವರ್ ಕ್ಲೋಸ್ಡ್’ ಹೌದೇ ಎಂದು ‘ಎರರ್ಸ್ ಈಸ್’ನಿಂದ ನೋಡಿ, ಹೌದಾದರೆ ಸುಮ್ಮನಿರಿ. ಇದೇ ಜಾತಿಯ ಇನ್ನೊಂದು ತಪ್ಪಿದೆ. ಶಟ್‌ಡೌನನ್ನು ಗೋರೂಟೀನಿನಲ್ಲಿ ಇಟ್ಟು, ಲಿಸನ್ ಅಂಡ್ ಸರ್ವ್ ಅನ್ನು ಮೇನ್ ಫಂಕ್ಷನ್ನಿನ ಕೊನೆಯ ಸಾಲಾಗಿ ಬರೆಯುವುದು. ಅದು ಮರಳಿತೆಂದರೆ ಮೇನ್ ಮುಗಿಯಿತು, ಮೇನ್ ಮುಗಿದರೆ ಗೋರೂಟೀನ್‌ಗಳೆಲ್ಲ ಮುಗಿದವು.

ಎರಡನೆಯದು ಕಾಂಟೆಕ್ಸ್ಟಿನ ಗೊಂದಲ. ಶಟ್‌ಡೌನಿಗೆ ಹೊಸ ಕಾಂಟೆಕ್ಸ್ಟ್ ಕೊಡಿ ಎಂದೆನಲ್ಲ, ಬಹಳ ಮಂದಿ ಸಿಗ್ನಲ್ ಹಿಡಿದ ಕಾಂಟೆಕ್ಸ್ಟನ್ನೇ ಕೊಡುತ್ತಾರೆ, ಇಲ್ಲವೇ ಅದರ ಮೇಲೆ ಗಡುವು ಹಾಕಿ ಕೊಡುತ್ತಾರೆ. ಅದು ಆಗಲೇ ರದ್ದಾಗಿದೆ. ಒಳಗೆ ಕೆಲಸ ನಡೆಯುತ್ತಿದ್ದರೂ ಶಟ್‌ಡೌನ್ ಕಾಯದೆ ದೋಷ ಕೊಟ್ಟು ಮರಳುತ್ತದೆ. ‘ಬ್ಯಾಕ್‌ಗ್ರೌಂಡ್’ನಿಂದಲೇ ಶುರುಮಾಡಿ. ಸರ್ವರಿನ ‘ಬೇಸ್ ಕಾಂಟೆಕ್ಸ್ಟ್’ಗೆ ಆ ಸಿಗ್ನಲ್ ಕಾಂಟೆಕ್ಸ್ಟನ್ನು ಕಟ್ಟುವುದು ಇನ್ನೂ ಕೆಟ್ಟದ್ದು. ಸಿಗ್ನಲ್ ಬಂದೊಡನೆ ನಡೆಯುತ್ತಿರುವ ಪ್ರತಿ ರಿಕ್ವೆಸ್ಟಿನ ಕಾಂಟೆಕ್ಸ್ಟೂ ರದ್ದಾಗಿ, ಅದನ್ನು ನಂಬಿದ ಡೇಟಾಬೇಸ್ ಕ್ವೆರಿಗಳು ನಡುವೆಯೇ ನಿಲ್ಲುತ್ತವೆ.

ಮೂರನೆಯದು ಹ್ಯಾಂಡ್ಲರ್ ಮುಗಿದ ಮೇಲೂ ಉಳಿಯುವ ಕೆಲಸ. ರಸೀದಿ ಕೊಟ್ಟ ನಂತರ ಇಮೇಲ್ ಕಳಿಸಲು ಒಂದು ಗೋರೂಟೀನ್ ಬಿಟ್ಟಿದ್ದೀರಿ ಎನ್ನಿ. ಶಟ್‌ಡೌನಿಗೆ ಅದರ ಪರಿವೆಯೇ ಇಲ್ಲ. ಇಂಥವನ್ನೆಲ್ಲ ಒಂದು ‘ವೇಟ್ ಗ್ರೂಪ್’ಗೆ ಸೇರಿಸಿ, ಶಟ್‌ಡೌನ್ ಆದ ಮೇಲೆ, ಡೇಟಾಬೇಸ್ ಮುಚ್ಚುವ ಮೊದಲು, ಅದೇ ಗಡುವಿನೊಳಗೆ ಅವು ಮುಗಿಯುವುದನ್ನೂ ಕಾಯಿರಿ. ವೆಬ್‌ಸಾಕೆಟ್ ಸಂಪರ್ಕಗಳ ಕಥೆಯೂ ಹೀಗೆಯೇ, ಶಟ್‌ಡೌನ್ ಅವನ್ನು ಮುಚ್ಚುವುದೂ ಇಲ್ಲ, ಕಾಯುವುದೂ ಇಲ್ಲ. ‘ರಿಜಿಸ್ಟರ್ ಆನ್ ಶಟ್‌ಡೌನ್’ನಲ್ಲಿ ಒಂದು ಫಂಕ್ಷನ್ ಇಟ್ಟು, 1001ನೇ ಕೋಡ್ ಇರುವ ಕ್ಲೋಸ್ ಸಂದೇಶವನ್ನು ನೀವೇ ಕಳಿಸಬೇಕು. ಸರ್ವರ್ ಹೊರಡುತ್ತಿದೆ ಎಂಬುದು ಆ ಕೋಡಿನ ಅರ್ಥ. ಕ್ಲೈಂಟನ್ನು ಸರಿಯಾಗಿ ಬರೆದಿದ್ದರೆ ಅದು ಮತ್ತೆ ಸಂಪರ್ಕಕ್ಕೆ ಬರುತ್ತದೆ.

ಪರೀಕ್ಷಿಸುವಾಗ ‘ಗೋ ರನ್’ ಬಳಸಬೇಡಿ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗೋ ರನ್ ನಿಮ್ಮ ಪ್ರೋಗ್ರಾಮನ್ನು ಮಗು ಪ್ರೊಸೆಸ್ ಆಗಿ ಓಡಿಸುತ್ತದೆ. ಅದರ ಐಡಿಗೆ ಸಿಗ್‌ಟರ್ಮ್ ಕಳಿಸಿದರೆ ಸಾಯುವುದು ಗೋ ರನ್, ನಿಮ್ಮ ಸರ್ವರ್ ಪೋರ್ಟ್ ಹಿಡಿದುಕೊಂಡು ಹಾಗೆಯೇ ಇರುತ್ತದೆ. ಗೋ ಬಿಲ್ಡ್ ಮಾಡಿ, ಬಂದ ಬೈನರಿಯನ್ನು ನೇರವಾಗಿ ಓಡಿಸಿ. ಮೊದಲಿನ 8 ಸೆಕೆಂಡಿನ ಪರೀಕ್ಷೆಯನ್ನೇ ಮತ್ತೆ ಮಾಡಿ. ಈ ಸಲ ‘ಮುಗಿಯಿತು’ ಲಾಗಿನಲ್ಲಿ ಬರಬೇಕು, ಕರ್ಲ್‌ಗೆ ರಸೀದಿ ಸಿಗಬೇಕು, ಆಮೇಲೆ ಪ್ರೊಸೆಸ್ ಶೂನ್ಯ ಕೋಡ್ ಕೊಟ್ಟು ನಿಲ್ಲಬೇಕು. ಆ ನಡುವೆ ಇನ್ನೊಂದು ಕರ್ಲ್ ಓಡಿಸಿದರೆ ಅದಕ್ಕೆ ಸಂಪರ್ಕ ಸಿಗಬಾರದು.

ಹೊರಗಿನ ಗಡಿಯಾರಗಳು

ನಿಮ್ಮ ಪ್ರೋಗ್ರಾಂ 20 ಸೆಕೆಂಡ್ ಕಾಯಲು ಸಿದ್ಧವಿದ್ದರೂ, ಅದನ್ನು ಓಡಿಸುವವರು ಅಷ್ಟು ಹೊತ್ತು ಕೊಡಬೇಕಲ್ಲ. ಡಾಕರ್ ಸ್ಟಾಪ್ ಆಜ್ಞೆ ಸಿಗ್‌ಟರ್ಮ್ ಕಳಿಸಿ, ನೀವು ಬೇರೆ ಹೇಳದಿದ್ದರೆ 10 ಸೆಕೆಂಡ್ ಕಾದು ಸಿಗ್‌ಕಿಲ್ ಕಳಿಸುತ್ತದೆ. ಕುಬರ್ನೆಟೀಸ್ ಕೊಡುವುದು 30 ಸೆಕೆಂಡ್. ಸಿಸ್ಟಂಡಿಯ ರೂಢಿಯ ಗಡುವು 90 ಸೆಕೆಂಡ್. ಮೂರನ್ನೂ ಬದಲಿಸಬಹುದು. ಒಳಗಿನ ಗಡುವು ಹೊರಗಿನದಕ್ಕಿಂತ ಯಾವಾಗಲೂ ಚಿಕ್ಕದಿರಬೇಕು, ಮುಚ್ಚುವ ಉಳಿದ ಕೆಲಸಕ್ಕೂ ನಾಲ್ಕೈದು ಸೆಕೆಂಡ್ ಉಳಿದಿರಬೇಕು. 20 ಸೆಕೆಂಡಿನ ನಮ್ಮ ಸರ್ವರನ್ನು ಡಾಕರಿನಲ್ಲಿ ಹಾಗೆಯೇ ಓಡಿಸಿದರೆ ಹತ್ತನೇ ಸೆಕೆಂಡಿಗೆ ಅದರ ಕತೆ ಮುಗಿಯುತ್ತದೆ. ಡಾಕರ್ ಕಂಪೋಸ್ ಬಳಸುವವರು ‘ಸ್ಟಾಪ್ ಗ್ರೇಸ್ ಪೀರಿಯಡ್’ ಅನ್ನು 30 ಸೆಕೆಂಡಿಗೆ ಏರಿಸಿಕೊಳ್ಳಿ.

ಕಂಟೈನರಿನಲ್ಲಿ ಇದಕ್ಕಿಂತ ಸೂಕ್ಷ್ಮವಾದ ತೊಡಕು ಒಂದಿದೆ. ನಿಲ್ಲಿಸಿದಾಗಲೆಲ್ಲ ನಿಮ್ಮ ಕಂಟೈನರ್ ಸರಿಯಾಗಿ 10 ಸೆಕೆಂಡ್ ತೆಗೆದುಕೊಂಡು, 137ನೇ ಕೋಡ್ ಕೊಟ್ಟು ನಿಲ್ಲುತ್ತಿದೆಯೇ? ಹಾಗಿದ್ದರೆ ಸಿಗ್‌ಟರ್ಮ್ ನಿಮ್ಮ ಪ್ರೋಗ್ರಾಮನ್ನು ಮುಟ್ಟುತ್ತಲೇ ಇಲ್ಲ ಎಂದು ಅನುಮಾನಿಸಿ. 137 ಎಂದರೆ 128ಕ್ಕೆ ಸಿಗ್‌ಕಿಲ್‌ನ 9 ಕೂಡಿಸಿದ್ದು. ಡಾಕರ್‌ಫೈಲಿನಲ್ಲಿ ಸಿಎಂಡಿ ಸಾಲನ್ನು ಚೌಕ ಆವರಣವಿಲ್ಲದೆ ಬರೆದರೆ, ಡಾಕರ್ ಅದನ್ನು ಶೆಲ್ ಮೂಲಕ ಓಡಿಸುತ್ತದೆ. ಆಗ 1ನೇ ನಂಬರಿನ ಪ್ರೊಸೆಸ್ ಆಗಿ ಶೆಲ್ ಕೂತುಬಿಡುವುದುಂಟು, ನಿಮ್ಮ ಸರ್ವರ್ ಅದರ ಮಗು. ಶೆಲ್ ತನಗೆ ಬಂದ ಸಿಗ್ನಲನ್ನು ಮಗುವಿಗೆ ದಾಟಿಸುವುದಿಲ್ಲ. ಜೊತೆಗೆ 1ನೇ ಪ್ರೊಸೆಸ್ ಹಿಡಿಯದ ಸಿಗ್‌ಟರ್ಮ್ ಅನ್ನು ಕರ್ನಲ್ ಜಾರಿ ಮಾಡುವುದೂ ಇಲ್ಲ. ಸಿಎಂಡಿಯನ್ನು ಚೌಕ ಆವರಣದೊಳಗೆ, ಉದ್ಧರಣ ಚಿಹ್ನೆಗಳ ನಡುವೆ ಬರೆದರೆ ಶೆಲ್ ಮಧ್ಯೆ ಬರುವುದಿಲ್ಲ. ಶುರುಮಾಡಲು ಸ್ಕ್ರಿಪ್ಟ್ ಬೇಕೇ ಬೇಕೆಂದರೆ ಅದರ ಕೊನೆಯ ಸಾಲಿನಲ್ಲಿ ಪ್ರೋಗ್ರಾಮಿನ ಹೆಸರಿಗೆ ಮೊದಲು ‘ಎಕ್ಸೆಕ್’ ಹಾಕಿ.

ಕುಬರ್ನೆಟೀಸಿನಲ್ಲಿ ಪಾಡ್ ಒಂದನ್ನು ಅಳಿಸಿದಾಗ, ಅದಕ್ಕೆ ಸಿಗ್‌ಟರ್ಮ್ ಹೋಗುವುದೂ ಟ್ರಾಫಿಕ್ ಪಟ್ಟಿಯಿಂದ ಅದರ ಹೆಸರು ತೆಗೆಯುವುದೂ ಒಂದರ ಪಕ್ಕ ಒಂದು ನಡೆಯುತ್ತವೆ, ಒಂದು ಇನ್ನೊಂದನ್ನು ಕಾಯುವುದಿಲ್ಲ. ಹಾಗಾಗಿ ಸಿಗ್ನಲ್ ಬಂದ ತಕ್ಷಣ ಲಿಸನರ್ ಮುಚ್ಚಿದರೆ, ಪಟ್ಟಿ ಇನ್ನೂ ಬದಲಾಗದ ನೋಡ್‌ಗಳಿಂದ ರಿಕ್ವೆಸ್ಟ್ ಬಂದು ಮುಚ್ಚಿದ ಬಾಗಿಲಿಗೆ ಬಡಿಯುತ್ತವೆ. ವಿಚಿತ್ರ ಎನ್ನಿಸಿದರೂ ಇದಕ್ಕೆ ಮದ್ದು, ಸಿಗ್ನಲ್ ಬಂದ ಮೇಲೂ ಐದು ಸೆಕೆಂಡ್ ಏನೂ ಮಾಡದೆ ಎಂದಿನಂತೆ ಸೇವೆ ಕೊಡುತ್ತಿರುವುದು, ಆಮೇಲೆ ಶಟ್‌ಡೌನ್ ಕರೆಯುವುದು. ಇದನ್ನು ‘ಪ್ರಿಸ್ಟಾಪ್’ ಹುಕ್‌ನಲ್ಲಿ ಸ್ಲೀಪ್ ಹಾಕಿ ಮಾಡಬಹುದು, ಕೋಡಿನಲ್ಲೂ ಮಾಡಬಹುದು. ಪ್ರಿಸ್ಟಾಪ್ ತಿನ್ನುವ ಸಮಯವೂ ಆ 30 ಸೆಕೆಂಡಿನ ಲೆಕ್ಕಕ್ಕೇ ಸೇರುತ್ತದೆ. 5 ಮತ್ತು 20 ಸೇರಿ 25, ಉಳಿದ 5 ಡೇಟಾಬೇಸಿಗೆ, ಲಾಗಿಗೆ.

ಒಂದೇ ಮೆಷಿನ್ ಬಾಡಿಗೆಗೆ ಪಡೆದು ಪುಟ್ಟ ಸೇವೆ ನಡೆಸುವವರಿಗೆ ಈ ಸರಂಜಾಮು ಬೇಕಿಲ್ಲ. ಅವರಿಗೆ ಸಿಸ್ಟಂಡಿಯ ಸಾಕೆಟ್ ಆಕ್ಟಿವೇಶನ್ ಸಾಕು, ನನಗೆ ಬಹಳ ಇಷ್ಟವಾದ ಉಪಾಯ ಅದು. ಪೋರ್ಟನ್ನು ಸಿಸ್ಟಂಡಿಯೇ ತೆರೆದು ಹಿಡಿದುಕೊಂಡು, ನಿಮ್ಮ ಪ್ರೋಗ್ರಾಮಿಗೆ 3ನೇ ಫೈಲ್ ಡಿಸ್ಕ್ರಿಪ್ಟರ್ ಆಗಿ ಕೊಡುತ್ತದೆ. ಹಳೆಯ ಸರ್ವರ್ ನಿಂತು ಹೊಸದು ಏಳುವ ನಡುವೆ ಬಂದ ಸಂಪರ್ಕಗಳು ನಿರಾಕರಣೆಯಾಗದೆ ಕರ್ನಲ್‌ನ ಸಾಲಿನಲ್ಲಿ ಕಾಯುತ್ತವೆ. ಬಳಕೆದಾರರಿಗೆ ಒಂದೆರಡು ಸೆಕೆಂಡ್ ತಡವಾದಂತೆ ಕಾಣುತ್ತದೆ, ಅಷ್ಟೆ.

ಬೇರೆ ಭಾಷೆಗಳವರಿಗೆ ಚುಟುಕಾಗಿ. ನೋಡ್‌ನಲ್ಲಿ ಸಿಗ್‌ಟರ್ಮ್ ಹಿಡಿದು ಸರ್ವರಿನ ‘ಕ್ಲೋಸ್’ ಕರೆಯಬೇಕು. ಸುಮ್ಮನೆ ತೆರೆದಿರುವ ಸಂಪರ್ಕಗಳನ್ನು ಅದೇ ಮುಚ್ಚುವುದು 19ನೇ ಆವೃತ್ತಿಯಿಂದ. ಸ್ಪ್ರಿಂಗ್ ಬೂಟ್‌ನಲ್ಲಿ 2.3ರಿಂದ ಈ ಸೌಲಭ್ಯ ಇದೆ, ಹಳೆಯ ಆವೃತ್ತಿಗಳಲ್ಲಿ ಅದಕ್ಕೆ ಒಂದು ಸೆಟ್ಟಿಂಗ್ ಬದಲಿಸಬೇಕು. ಪೈಥಾನಿನ ಜಿಯೂನಿಕಾರ್ನ್ ಸಿಗ್‌ಟರ್ಮ್ ಬಂದಾಗ ತಾನಾಗಿಯೇ ಕಾಯುತ್ತದೆ, ರೂಢಿಯ ಗಡುವು 30 ಸೆಕೆಂಡ್. ಎನ್‌ಜಿನ್‌ಎಕ್ಸ್ ಮಾತ್ರ ಭಿನ್ನ. ಅದು ಸಿಗ್‌ಟರ್ಮ್‌ಗೆ ಕೂಡಲೇ ನಿಲ್ಲುತ್ತದೆ, ಕೆಲಸ ಮುಗಿಸಿ ನಿಲ್ಲಬೇಕಾದರೆ ಸಿಗ್‌ಕ್ವಿಟ್ ಕಳಿಸಬೇಕು.

ಇಷ್ಟೆಲ್ಲ ಮಾಡಿದರೂ ಕರೆಂಟ್ ಹೋಗಬಹುದು, ಮೆಮೊರಿ ಮುಗಿದು ಕರ್ನಲ್ಲೇ ಸಿಗ್‌ಕಿಲ್ ಕೊಡಬಹುದು. 2003ರಲ್ಲಿ ಜಾರ್ಜ್ ಕ್ಯಾಂಡಿಯಾ ಮತ್ತು ಅರ್ಮಾಂಡೊ ಫಾಕ್ಸ್ ‘ಕ್ರ್ಯಾಶ್-ಓನ್ಲಿ ಸಾಫ್ಟ್‌ವೇರ್’ ಎಂಬ ಪ್ರಬಂಧದಲ್ಲಿ, ಹೇಗೂ ಕುಸಿತದಿಂದ ಚೇತರಿಸಿಕೊಳ್ಳುವ ಶಕ್ತಿ ಬೇಕೇ ಬೇಕಾದ ಮೇಲೆ, ಕುಸಿತವನ್ನೇ ನಿಲ್ಲಿಸುವ ದಾರಿಯಾಗಿ ಮಾಡಿಕೊಳ್ಳಬಹುದಲ್ಲ ಎಂದು ವಾದಿಸಿದರು. ಅವರ ವಾದದ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಣದ ಲೆಕ್ಕ ತಪ್ಪದಂತೆ ನೋಡಿಕೊಳ್ಳುವ ಹೊಣೆ ಡೇಟಾಬೇಸ್ ಟ್ರಾನ್ಸಾಕ್ಷನ್ನಿನದು. ಎರಡು ಸಲ ಒತ್ತಿದರೂ ಒಂದೇ ಸಲ ಹಣ ಹೋಗುವಂತೆ ಮಾಡುವುದು, ಕ್ಲೈಂಟ್ ಪ್ರತಿ ಪಾವತಿಗೂ ಕಳಿಸುವ ವಿಶಿಷ್ಟ ಗುರುತು ಸಂಖ್ಯೆಯದು. ಈ ಎರಡನ್ನು ಗ್ರೇಸ್‌ಫುಲ್ ಶಟ್‌ಡೌನ್ ಮೇಲೆ ಹೊರಿಸಬಾರದು. ಆದರೆ ದಿನಕ್ಕೆ ಮೂರು ಸಲ ನಾವೇ ನಿಲ್ಲಿಸುವಾಗ, ಎದುರು ಕಾಯುತ್ತಿರುವವರಿಗೆ ಉತ್ತರ ಕೊಟ್ಟು ನಿಲ್ಲಿಸಲು ಸಾಧ್ಯವಿದ್ದೂ ಕೊಡದಿರುವುದು ಸರಿಯಲ್ಲ.

ಕೊನೆಯ ಪರೀಕ್ಷೆ ಸ್ಟೇಜಿಂಗ್‌ನಲ್ಲಿ ಆಗಬೇಕು. ‘ಹೇ’ ಅಥವಾ ‘ಡಬ್ಲ್ಯೂಆರ್‌ಕೆ’ಯಂಥ ಲೋಡ್ ಉಪಕರಣ ಹಚ್ಚಿ, ಒಂದು ನಿಮಿಷ ನಿರಂತರ ರಿಕ್ವೆಸ್ಟ್ ಹರಿಯುತ್ತಿರುವಾಗಲೇ ಹೊಸ ಆವೃತ್ತಿ ಏರಿಸಿ. ಒಂದೂ ದೋಷ ಬರಬಾರದು. ಬಂದರೆ, ಅದರ ಜಾತಿಯೇ ಜಾಗ ತೋರಿಸುತ್ತದೆ. ‘ಕನೆಕ್ಷನ್ ರಿಫ್ಯೂಸ್ಡ್’ ಕಂಡರೆ ಟ್ರಾಫಿಕ್ ಪಟ್ಟಿಯಿಂದ ಹೆಸರು ಹೋಗುವ ಮೊದಲೇ ಲಿಸನರ್ ಮುಚ್ಚಿದ್ದೀರಿ, ಆ ಐದು ಸೆಕೆಂಡನ್ನು ಹೆಚ್ಚಿಸಿ. ‘ಡೇಟಾಬೇಸ್ ಈಸ್ ಕ್ಲೋಸ್ಡ್’ ಎಂದು ಲಾಗಿನಲ್ಲಿ ಬಂದರೆ ಮುಚ್ಚುವ ಕ್ರಮ ತಲೆಕೆಳಗಾಗಿದೆ. ‘ಕಾಂಟೆಕ್ಸ್ಟ್ ಕ್ಯಾನ್ಸಲ್ಡ್’ ಬಂದರೆ ಬೇಸ್ ಕಾಂಟೆಕ್ಸ್ಟ್ ನೋಡಿ. ಉತ್ತರ ನಡುವೆ ತುಂಡಾಗಿ ಕೋಡ್ 137 ಬಂದಿದ್ದರೆ ಗಡುವುಗಳನ್ನು ಕೂಡಿ ನೋಡಿ, ಕೋಡ್ 1 ಬಂದಿದ್ದರೆ ಲಾಗ್ ಫೇಟಲ್ ಹುಡುಕಿ. ಈ ಪರೀಕ್ಷೆಯ ಸ್ಕ್ರಿಪ್ಟನ್ನು ಡಿಪ್ಲಾಯ್ ಸ್ಕ್ರಿಪ್ಟಿನ ಪಕ್ಕದಲ್ಲೇ ಇಟ್ಟುಕೊಂಡು, ಲೋಡ್ ಬ್ಯಾಲೆನ್ಸರಿನ ಸೆಟ್ಟಿಂಗ್ ಬದಲಾದಾಗಲೂ, ಕಂಟೈನರಿನ ಬೇಸ್ ಇಮೇಜ್ ಬದಲಾದಾಗಲೂ ಮತ್ತೊಮ್ಮೆ ಓಡಿಸಿ.